ಸದ್ದು ಮಾಡದ ಸ್ಟಾರ್ಟರ್

ನಾನು ಒಂದು ಸಾಫ್ಟ್ ಸ್ಟಾರ್ಟರ್. ಹೆಸರು ಕೇಳಿ ಯಾವುದೋ ಮೆತ್ತಗಿನ ತಿಂಡಿ ಅಂದುಕೊಳ್ಳಬೇಡಿ. ದೊಡ್ಡ ಮೋಟರನ್ನು ಒಮ್ಮೆಲೇ ಎಬ್ಬಿಸಿದರೆ ಅದು ಕೊಸರಿಕೊಂಡು ಎದ್ದು ಬೆಲ್ಟ್ ಹರಿದುಹಾಕುತ್ತದೆ. ನಾನು ಕರೆಂಟನ್ನು ಸ್ವಲ್ಪ ಸ್ವಲ್ಪವೇ ಉಣಿಸಿ, ಮಗುವನ್ನು ಎಬ್ಬಿಸಿದಂತೆ ನಿಧಾನಕ್ಕೆ ಎಬ್ಬಿಸುತ್ತೇನೆ. ಪುಣೆ ಕಡೆಯ ಕಾರ್ಖಾನೆಯೊಂದರಲ್ಲಿ ಹುಟ್ಟಿ, ಥರ್ಮಾಕೋಲಿನ ತೊಟ್ಟಿಲಲ್ಲಿ ಮಲಗಿ, ಕಲಬುರಗಿಯ ಚನ್ನವೀರಪ್ಪ ಸಾಹುಕಾರರ ತೊಗರಿಬೇಳೆ ಮಿಲ್ಲಿಗೆ ಬಂದೆ.

ನನಗಿಂತ ಮೊದಲು ಆ ಗೋಡೆಯ ಮೇಲಿದ್ದ ಸ್ಟಾರ್ಟರ್ ಭಾರಿ ಗದ್ದಲದವನಂತೆ. ಹಚ್ಚಿದರೂ ಖಟ್, ಆರಿಸಿದರೂ ಖಟ್. ಎಲೆಕ್ಟ್ರಿಷಿಯನ್ ಲಾಡ್ಲೇಸಾಬ ಆ ಸದ್ದು ಕೇಳಿಯೇ ಕರೆಂಟ್ ಹೋಯಿತೆಂದು ತಿಳಿಯುತ್ತಿದ್ದ. ನನಗೆ ಸದ್ದೇ ಇಲ್ಲ. ಅಲ್ಲದೆ, ನಾನು ಮೋಟರ್ ನಿಲ್ಲಿಸಿದ ಮೇಲೂ ಅದರ ತಂತಿಗೆ ನನ್ನೊಳಗಿಂದ ಕರೆಂಟ್ ಸೋರುತ್ತಲೇ ಇರುತ್ತದೆ. ಮೋಟರ್ ತಿರುಗಿಸುವಷ್ಟಿಲ್ಲ, ಮನುಷ್ಯನನ್ನು ಎತ್ತಿ ಒಗೆಯಲು ಸಾಕು. ಮೇನ್ ಸ್ವಿಚ್ ತೆಗೆದರೆ ಮಾತ್ರ ಎಲ್ಲ ಆರಿದಂತೆ. ನನ್ನನ್ನು ಕೂರಿಸಲು ಬಂದಾತ ಇದನ್ನು ಹೇಳಿಯೇ ಹೇಳಿದ. ಆಗ ಎಲ್ಲರೂ ಮಿರ್ಚಿ ಭಜಿ ತಿನ್ನುವುದರಲ್ಲಿ ಮುಳುಗಿದ್ದರು.

ಆಯುಧ ಪೂಜೆ ಬಂತು. ಸಾಹುಕಾರರ ಹೆಂಡತಿ ನೀಲಗಂಗಮ್ಮ ನನಗೂ ವಿಭೂತಿ ಬಳಿದು, ಗಾಳಿಯ ಕಿಂಡಿ ಮುಚ್ಚುವಂತೆ ದಪ್ಪ ಚೆಂಡುಹೂವಿನ ಹಾರ ಹಾಕಿದರು. ಸ್ಪ್ಯಾನರು, ಇಕ್ಕಳ, ಟೆಸ್ಟರು ಎಲ್ಲ ದೇವರ ಮುಂದಿನ ಮಣೆ ಸೇರಿದವು. ಮರುದಿನದವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ.

ಪೂಜೆಗೆ ಬಂದವರಿಗೆಲ್ಲ ಸಾಹುಕಾರರು ನನ್ನನ್ನು ತೋರಿಸತೊಡಗಿದರು. "ನೋಡ್ರಿ, ಬೆಣ್ಯಾಗಿಂದ ಕೂದಲ ತೆಗದಂಗ ಹೆಂಗ ಏಳ್ತದ!" ಬೀಗರಿಗೊಮ್ಮೆ, ಪಕ್ಕದ ಮಿಲ್ಲಿನವರಿಗೊಮ್ಮೆ, ತಡವಾಗಿ ಬಂದ ಅಳಿಯನಿಗೊಮ್ಮೆ ಎಂದು ಮೋಟರ್ ನಿಲ್ಲಿಸಿ ನಿಲ್ಲಿಸಿ ಎಬ್ಬಿಸಿದರು. ಮೋಟರ್ ಎಬ್ಬಿಸುವಾಗಲೇ ನನ್ನ ಮೈ ಕಾಯುವುದು. ಅದರ ಮೇಲೆ ಹಾರದ ಸೆಕೆ ಬೇರೆ. ತಡೆಯಲಾರದೆ ಮುಷ್ಕರ ಹೂಡಿ ಮೋಟರ್ ನಿಲ್ಲಿಸಿಬಿಟ್ಟೆ.

"ದೃಷ್ಟಿ ಆಗ್ಯಾದ" ಎಂದರು ಬೀಗರು. ಅಳಿಯ ನಿಂಬೆಹಣ್ಣಿಗೆ ಓಡಿದ.

ಲಾಡ್ಲೇಸಾಬ ನನ್ನ ಬಾಗಿಲು ತೆಗೆದು ಬಗ್ಗಿದ. "ಮೋಟರಿನ ವಾಯರ್ ಸಡ್ಲ ಆಗಿರಬೇಕ್ರಿ ಸಾಹುಕಾರ್ರ. ಹೆಂಗೂ ನಿಂತದ, ಕೈಲೇ ಎಳದ ನೋಡ್ತೀನಿ."

ಅವನ ಬೆರಳುಗಳು ನನ್ನ ತಂತಿಗಳತ್ತ ಬಂದವು. ಬೇಡವೋ ಮಾರಾಯ ಎನ್ನೋಣವೆಂದರೆ ನನಗೆ ಬಾಯಿಲ್ಲ. ಆ ಹಳೆಯ ಗದ್ದಲದವನ ಮೇಲೆ ಮೊದಲ ಸಲ ಹೊಟ್ಟೆಕಿಚ್ಚು ಬಂತು.

"ಏ ಲಾಡ್ಲೇಸಾಬ!" ನೀಲಗಂಗಮ್ಮ ಆರತಿ ತಟ್ಟೆ ಹಿಡಿದೇ ಕೂಗಿದರು. ಮನೆಯಲ್ಲಿ ಒಂದು ಬಲ್ಬ್ ಬದಲಿಸಲೂ ಟೆಸ್ಟರ್ ಹಚ್ಚಿ ನೋಡದೆ ಬಿಡುವವರಲ್ಲ ಅವರು. "ಟೆಸ್ಟರ್ ಹಚ್ಚದೇ ಕೈ ಹಾಕ್ತೀ ಏನೋ?"

"ಅದು ದೇವರ ಮುಂದ ಅದಲ್ರಿ ಅವ್ವಾರ. ಮುಟ್ಟಬ್ಯಾಡ ಅಂದವರು ನೀವೇ."

ನೀಲಗಂಗಮ್ಮ ಒಮ್ಮೆ ದೇವರನ್ನು ನೋಡಿದರು, ಒಮ್ಮೆ ಅವನ ಕೈಯನ್ನು ನೋಡಿದರು. "ತಪ್ಪಾಯ್ತು ತಾಯಿ" ಎಂದು ಗಲ್ಲ ಗಲ್ಲ ಬಡಿದುಕೊಂಡು, ಮಣೆಯಿಂದ ಟೆಸ್ಟರ್ ಎತ್ತಿ ತಂದು ಕೊಟ್ಟರು. ಅವನು ಕುಂಕುಮ ಒರೆಸಿ ನನ್ನ ತಂತಿಗೆ ಹಚ್ಚಿದ. ಅದರ ದೀಪ ಹತ್ತಿತು.

ಲಾಡ್ಲೇಸಾಬ ತಟ್ಟನೆ ಕೈ ಹಿಂದಕ್ಕೆಳೆದುಕೊಂಡ. "ಖಟ್ ಅನ್ನಲಿಲ್ಲ ನೋಡ್ರಿ... ನಿಂತರೂ ಕರೆಂಟ್ ಅದ." ಅವನ ಮಕ್ಕಳ ಪುಣ್ಯ ದೊಡ್ಡದೆಂದು ನೀಲಗಂಗಮ್ಮ ಕಣ್ಣೊರೆಸಿಕೊಂಡರು. ಆಮೇಲೆ ಅವನು ಮೇನ್ ತೆಗೆದು, ಬೀಗ ಜಡಿದು, ಕೀಲಿ ಜೇಬಿಗಿಟ್ಟು, ಮತ್ತೊಮ್ಮೆ ಟೆಸ್ಟರ್ ಹಚ್ಚಿ ನೋಡಿಯೇ ಕೈ ಹಾಕಿದ. ಹಾರ ತೆಗೆದು ನನ್ನೊಳಗಿನ ಫ್ಯಾನಿನ ಬೇಳೆಹೊಟ್ಟು ಝಾಡಿಸಿದ. ಮೈ ತಣ್ಣಗಾದ ಮೇಲೆ ನಾನು ತಕರಾರಿಲ್ಲದೆ ಎದ್ದೆ.

ಈಗ ನನಗೆ ವಯಸ್ಸಾಗಿದೆ. ಗೋಡೆಗೆ ಹೊಸಬ ಬಂದಿದ್ದಾನೆ, ನಾನು ಸ್ಟೋರಿನ ಹಲಗೆಯ ಮೇಲೆ ಕೂತಿದ್ದೇನೆ. ಅಲ್ಲಿಂದ ಪೂಜೆ ಚೆನ್ನಾಗಿ ಕಾಣುತ್ತದೆ. ಇಂದಿಗೂ ಎಲ್ಲ ಸಾಮಾನು ಮಣೆ ಸೇರುತ್ತವೆ, ಟೆಸ್ಟರ್ ಮಾತ್ರ ಲಾಡ್ಲೇಸಾಬನ ಅಂಗಿ ಜೇಬಿನಲ್ಲೇ ಉಳಿಯುತ್ತದೆ. ನೀಲಗಂಗಮ್ಮ ಅವನ ಮುಂದೆ ನಿಂತು, ಜೇಬಿನಿಂದ ಇಣುಕುವ ಅದರ ತಲೆಗೆ ಕುಂಕುಮವಿಟ್ಟು ಆರತಿ ಬೆಳಗುತ್ತಾರೆ. ಅವನು ನಾಚಿಕೊಂಡು, ಎದೆ ಮುಂದೆ ಮಾಡಿ, ಆರತಿ ಮುಗಿಯುವವರೆಗೆ ಅಲುಗಾಡದೆ ನಿಂತಿರುತ್ತಾನೆ.