ಹತ್ತನೆಯ ಸ್ಕ್ರೂ

ದೇವರು ಕೆಲವರ ಮಾತನ್ನು ಬಾಯಲ್ಲಿಡುತ್ತಾನೆ, ಕೆಲವರದನ್ನು ಬೆರಳಲ್ಲಿಡುತ್ತಾನೆ. ಗಡಿಯಾರ ರಿಪೇರಿಯವರ ಮಗಳಿಗೆ ಬೆರಳಲ್ಲಿಟ್ಟಿದ್ದ.

ಹದಿನಾಲ್ಕು ವರ್ಷ ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತು, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಬಿಚ್ಚಿ ಬಿಗಿದವಳು ಅವಳು. ಅಪ್ಪನ ಕಣ್ಣಿಗೆ ಪೊರೆ ಬಂತು, ಜನರ ಕೈಗೆ ಫೋನು ಬಂತು, ಅಂಗಡಿಗೆ ಬೀಗ ಬಿತ್ತು. ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ರಿಪೇರಿ ಕಲಿತಳು. ಕಲಿತದ್ದೇನೋ ಸರಿ, ಸಂದರ್ಶನಕ್ಕೆ ಹೋದ ಎರಡು ಕಡೆಯೂ ‘ಕೆಲಸ ಗೊತ್ತಿದೆ, ಮಾತು ಬರಲ್ಲ’ ಎಂದು ಕಳಿಸಿಬಿಟ್ಟರು. ಇದು ಮೂರನೆಯದು. ಇದೂ ತಪ್ಪಿದರೆ ಕಲಿತ ವಿದ್ಯೆಯನ್ನು ಮಡಿಸಿಟ್ಟು, ಚಪ್ಪಲಿ ಅಂಗಡಿಯಲ್ಲಿ ಡಬ್ಬ ಜೋಡಿಸಲು ಹೋಗಬೇಕಿತ್ತು.

ಹೊರಡುವ ಮುಂಚೆ ಚಿಕ್ಕಮ್ಮ ಬಂದು ಪಾಠ ಮಾಡಿದಳು. ಆಸ್ಪತ್ರೆಯ ವಿಚಾರಣೆ ಮೇಜಿನಲ್ಲಿ ಇಪ್ಪತ್ತು ವರ್ಷ ಕೂತು ಊರಿನ ಮುಖವನ್ನೆಲ್ಲ ಓದಿದವಳು.

“ಒಳಗೆ ಕಾಲಿಡ್ತಿದ್ದ ಹಾಗೇ ನಗಬೇಕು. ಹಲ್ಲು ಕಾಣಬೇಕು, ಒಸಡು ಕಾಣಬಾರದು.”

“ಅಷ್ಟು ಅಳತೆ ಇಟ್ಟು ಹ್ಯಾಗೆ ನಗೋದು ಚಿಕ್ಕಮ್ಮ?”

“ಚಕ್ರದ ಹಲ್ಲು ಎಣಿಸ್ತೀಯ, ನಿನ್ನ ಹಲ್ಲು ನಿನಗೆ ಗೊತ್ತಿಲ್ವೇನೆ? ಗಟ್ಟಿಯಾಗಿ ಕೈ ಕುಲುಕು. ಕೆಲಸ ಕೊಟ್ರೆ ಮಾಡ್ತಾ ಮಾಡ್ತಾ ಮಾತಾಡ್ತಾನೇ ಇರು. ಮಾತು ಬಲ್ಲವ ಮಾಣಿಕ್ಯ ತಂದ ಅಂತಾರೆ. ಮೌನಗೌರಿ ಥರ ಕೂತ್ಯೋ, ಮುಗೀತು!”

ಮೂಲೆಯಲ್ಲಿದ್ದ ಅಪ್ಪ ಹೇಳಿದ್ದು ಒಂದೇ ಮಾತು: “ಕರವಸ್ತ್ರ ಮರೀಬೇಡಮ್ಮ.”

ಕಂಪನಿಯಲ್ಲಿ ಗಾಜಿನ ಗೋಡೆಯ ತಣ್ಣನೆಯ ಕೋಣೆ. ಮೇಜಿನಾಚೆ ಇಬ್ಬರು: ರಿಪೇರಿ ವಿಭಾಗದ, ತಲೆ ನರೆತ, ಕನ್ನಡಕ ಹಾಕಿದ ಮುಖ್ಯಸ್ಥೆ; ಇಸ್ತ್ರಿಯ ಗೆರೆ ಮಾಸದ ಅಂಗಿಯ ನೇಮಕಾತಿ ಅಧಿಕಾರಿ. ನಡುವೆ ಸತ್ತಂತೆ ಕೂತ ಒಂದು ಕಂಪ್ಯೂಟರ್ ಪೆಟ್ಟಿಗೆ. ಅವಳು ನಕ್ಕಳು. ಒಸಡು ಕಂಡಿತೋ ಏನೋ ಎಂದು ಹೆದರಿ ತಕ್ಷಣ ಬಾಯಿ ಮುಚ್ಚಿದಳು.

“ಇಪ್ಪತ್ತು ನಿಮಿಷ. ಎಬ್ಬಿಸಿ, ಮುಚ್ಚಿ ಕೊಡಿ,” ಎಂದು ಅಧಿಕಾರಿ ತನ್ನ ಫೋನಿನಲ್ಲಿ ಗಂಟೆ ಇಟ್ಟ.

‘ಕೈ ಹಿಡಿದು ನಡೆಸು ತಂದೆ’ ಎಂದು ಅವಳು ಒಂದು ಗಳಿಗೆ ಕಣ್ಣು ಮುಚ್ಚಿದಳು. ಕರವಸ್ತ್ರ ಹಾಸಿದಳು. ಮೊದಲ ಸ್ಕ್ರೂ ಗಡಿಯಾರದಲ್ಲಿ ಒಂದು ಇರುವ ಜಾಗಕ್ಕೆ, ಎರಡನೆಯದು ಎರಡರ ಜಾಗಕ್ಕೆ. ಅಪ್ಪನ ಪದ್ಧತಿ ಅದು. ಬಿಚ್ಚಿದ್ದೆಷ್ಟು ಎಂದು ತಲೆ ಮರೆತರೂ ಬಟ್ಟೆ ಮರೆಯುವುದಿಲ್ಲ.

“ಈಗ... ಮುಚ್ಚಳ ತೆಗೀತಾ ಇದ್ದೀನಿ,” ಎಂದಳು. “ಈಗ... ತೆಗೆದೆ.”

ಅಲ್ಲಿಗೆ ಮಾತು ತೀರಿಹೋಯಿತು.

“ಏನು ಯೋಚನೆ ಮಾಡ್ತಿದ್ದೀರಿ, ಸ್ವಲ್ಪ ಹೇಳ್ತಾ ಇರಿ,” ಎಂದ ಅಧಿಕಾರಿ. ಅವಳಿಗೆ ಕೇಳಿಸಲೇ ಇಲ್ಲ. ಅವನು ಹಾಳೆಯಲ್ಲಿ ಏನೋ ಗೀಚಿಕೊಂಡ.

ಒಂಬತ್ತು ಸ್ಕ್ರೂ ಬಿಚ್ಚಿದ ಮೇಲೆ ರೋಗ ಸಿಕ್ಕಿತು. ಮೆಮೊರಿ ಕಾರ್ಡು ಅರ್ಧ ಎದ್ದು ಕೂತಿತ್ತು. ಒತ್ತಿದಳು, ಸ್ವಿಚ್ ಹಾಕಿದಳು. ಒಳಗಿನ ಫ್ಯಾನು ನಿದ್ದೆಯಿಂದೆದ್ದವರ ಹಾಗೆ ಒಮ್ಮೆ ಗೊಣಗಿ ತಿರುಗಿತು.

ಸ್ವಿಚ್ ಆರಿಸಿದಳು. ಮುಚ್ಚುವ ಮುಂಚೆ ಪೆಟ್ಟಿಗೆಯನ್ನು ಸ್ವಲ್ಪ ಎತ್ತಿ, ಓರೆ ಮಾಡಿ, ಕಿವಿಗೊಟ್ಟಳು. ಅದೂ ಅಪ್ಪನ ಚಾಳಿ. ಒಳಗೆಲ್ಲೋ ‘ಟಿಣ್’ ಎಂದಿತು. ಇನ್ನಷ್ಟು ಓರೆ ಮಾಡಿದಾಗ ಒಂದು ಸ್ಕ್ರೂ ಉರುಳಿ ಕರವಸ್ತ್ರಕ್ಕೆ ಬಿತ್ತು. ಅದನ್ನು ಹತ್ತರ ಜಾಗದಲ್ಲಿಟ್ಟು, ಉಳಿದ ಒಂಬತ್ತನ್ನೂ ಮತ್ತೊಮ್ಮೆ ಎಣಿಸಿದಳು.

ಅಧಿಕಾರಿಗೆ ನಗು ಬಂತು. “ಹೆಚ್ಚಾಯ್ತಾ? ಕಮ್ಮಿ ಆಗಿಲ್ಲವಲ್ಲ, ಜೇಬಿಗೆ ಹಾಕ್ಕೊಳ್ಳಿ. ಇನ್ನು ನಾಲ್ಕು ನಿಮಿಷ. ಮುಚ್ಚಿಬಿಟ್ರೆ ಪಾಸು.”

ಮುಚ್ಚಿದರೆ ಯಾರಿಗೂ ತಿಳಿಯದು. ತಿಳಿಯುವವನು ಒಬ್ಬ ಮೇಲಿದ್ದಾನೆ, ಅವನು ಹಾಳೆಯಲ್ಲಿ ಗೀಚಿಕೊಳ್ಳುವುದಿಲ್ಲ, ಅಷ್ಟೆ.

“ಇಲ್ಲ ಸರ್,” ಎಂದಳು. “ನಾನು ಬಿಚ್ಚಿದ್ದು ಒಂಬತ್ತು. ಇದಕ್ಕೂ ಒಂದು ಮನೆ ಇದೆ, ಆ ಮನೆ ಖಾಲಿ ಬಿದ್ದಿದೆ. ಅಂದ್ರೆ ಯಾವುದೋ ಭಾಗ ಸಡಿಲ ಕೂತಿದೆ. ಇವತ್ತು ಓಡುತ್ತೆ, ನಾಳೆ ಯಾರಾದ್ರೂ ಮೇಜು ಅಲುಗಿಸಿದ್ರೆ ನಿಲ್ಲುತ್ತೆ. ಆಗ ಬಂದವರು ಕಾರಣ ಹುಡುಕಿ ಹುಡುಕಿ ಸಾಯ್ತಾರೆ. ಗೊತ್ತಿದ್ದೂ ಮುಚ್ಚೋದು ಹ್ಯಾಗೆ?”

ಇಷ್ಟುದ್ದ ಮಾತಾಡಿದ್ದು ತಾನೇನಾ ಎಂದು ಅವಳಿಗೇ ಆಶ್ಚರ್ಯ. ಬ್ಯಾಗಿನಿಂದ ಅಪ್ಪನ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ತಂತಿಗಳ ಹಿಂದೆ ಹುಡುಕತೊಡಗಿದಳು. ಹುಡುಕುತ್ತಿರುವಾಗಲೇ ಗಂಟೆ ಹೊಡೆಯಿತು. ಪೆಟ್ಟಿಗೆ ತೆರೆದೇ ಇತ್ತು.

“ಸಮಯ ಆಯ್ತು,” ಎಂದ ಅಧಿಕಾರಿ.

“ಸಿಕ್ಕಿತು ಸರ್. ಮುಚ್ಚೋಕಾಗಲಿಲ್ಲ.” ಅವಳ ದನಿ ಇಳಿದಿತ್ತು. ಬೆರಳು ಮಾತ್ರ ಸಿಕ್ಕಿದ ಜಾಗ ಬಿಟ್ಟಿರಲಿಲ್ಲ.

ಮುಖ್ಯಸ್ಥೆ ಎದ್ದು ಬಂದು ಬಗ್ಗಿ ನೋಡಿದರು. ದೊಡ್ಡ ಬೋರ್ಡಿನ ಹಿಂದಿನ ಮೂಲೆಯಲ್ಲಿ ಒಂದು ತೂತು ಖಾಲಿ ಇತ್ತು.

“ಬೆಳಿಗ್ಗೆಯಿಂದ ಆರು ಜನ ಇದನ್ನ ಬಿಚ್ಚಿ ಮುಚ್ಚಿದ್ರು,” ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. “ನಿನ್ನೆ ಪರೀಕ್ಷೆಗೆ ಅಂತ ಈ ಬೋರ್ಡು ಕೂರಿಸಿದವಳು ನಾನೇ. ಒಂದು ಸ್ಕ್ರೂ ಒಳಗೆ ಬಿದ್ದುಹೋಗಿದ್ದು ನನಗೂ ಗೊತ್ತಾಗಿರಲಿಲ್ಲ.”

ಅಧಿಕಾರಿ ಚಾವಣಿಯಲ್ಲಿ ಏನನ್ನೋ ಹುಡುಕತೊಡಗಿದ.

“ಕೂರಿಸಮ್ಮ,” ಎಂದರು ಮುಖ್ಯಸ್ಥೆ. “ನಾನು ಕಾಯ್ತೀನಿ.”

ಗಡಿಯಾರ ಹಿಂದಕ್ಕೆ ತಿರುಗಿದ ಹಾಗೆ ಹತ್ತರಿಂದ ಒಂದರವರೆಗೆ ಸ್ಕ್ರೂಗಳು ತಮ್ಮ ತಮ್ಮ ಮನೆ ಸೇರಿದವು.

ಬಸ್ ನಿಲ್ದಾಣದಿಂದ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಚಿಕ್ಕಮ್ಮ.

“ನಕ್ಕೆಯಾ?”

“ಒಂದ್ಸಲ.”

“ಕೈ ಕುಲುಕಿದೆಯಾ?”

“ಕೈಯಲ್ಲಿ ಸ್ಕ್ರೂ ಇತ್ತು ಚಿಕ್ಕಮ್ಮ.”

“ಅಯ್ಯೋ ನನ್ನ ಕರ್ಮವೇ! ಮಾತಾದ್ರೂ ಆಡಿದೆಯಾ?”

“ಆಡಿದೆ. ಸೋಮವಾರದಿಂದ ಬನ್ನಿ, ಒಂದು ತಿಂಗಳು ನೋಡೋಣ ಅಂದ್ರು.”

ಚಿಕ್ಕಮ್ಮ ಫೋನು ಹಿಡಿದೇ ‘ಕೆಲಸ ಸಿಕ್ತಂತೆ!’ ಎಂದು ಮನೆಗೆಲ್ಲ ಕೇಳುವ ಹಾಗೆ ಕೂಗಿದಳು. ಆ ಗದ್ದಲದ ನಡುವೆ ಮೂಲೆಯಿಂದ ಅಪ್ಪನ ದನಿ ತೇಲಿಬಂತು: “ಕರವಸ್ತ್ರ ತಂದಳಾ ಕೇಳು.”

“ಅಲ್ಲೇ ಅವರ ಮೇಜಿನ ಮೇಲೆ ಬಿಟ್ಟುಬಂದಿದ್ದೀನಿ ಅಂತ ಹೇಳು ಚಿಕ್ಕಮ್ಮ,” ಎಂದಳು ಅವಳು. “ಸೋಮವಾರ ಬೇಕಾಗುತ್ತೆ.”