ಅಂಗಡಿ ಮುಂದಿನ ಚಪ್ಪಡಿ

ಮೊಮ್ಮಗನಿಗೆಂದು ಹೊಲಿದ ಹಳದಿ ಅಂಗಿಯನ್ನು ಟೈಲರಮ್ಮ ಮತ್ತೆ ಬಿಚ್ಚಿ, ಪಕ್ಕಕ್ಕೆ ಇನ್ನೊಂದಿಷ್ಟು ಬಟ್ಟೆ ಕೊಟ್ಟರು. ಮಗು ಹುಟ್ಟಿದ ವಾರ ಹೊಲಿದದ್ದು. "ಅಮ್ಮಾ, ಅವನಿಗೆ ಈಗ ಅದು ತೋಳಿಗೂ ಏರಲ್ಲ," ಅಂತ ಮಗಳು ಫೋನಿನಲ್ಲಿ ನಕ್ಕಿದ್ದಳು. ಇವರಿಗೆ ಅಳು ಬಂತು. ಮಗುವನ್ನು ಇನ್ನೂ ಒಮ್ಮೆಯೂ ಎತ್ತಿಕೊಂಡಿಲ್ಲ.

ಮಗಳ ಮನೆ ಏನು ಏಳು ಸಮುದ್ರದ ಆಚೆ ಇಲ್ಲ, ಪಕ್ಕದ ಊರು. ಆದರೆ ನಡುವಿನ ರಸ್ತೆ ಕಿತ್ತುಹೋಗಿ ಬಸ್ಸು ನಿಂತಿತ್ತು. ಹಸುಗೂಸನ್ನು ಆ ಗುಂಡಿಗಳಲ್ಲಿ ತರಬೇಡಿ ಎಂದಿದ್ದರು ಡಾಕ್ಟರು. ನಡೆದು ಹೋಗೋಣ ಅಂದರೆ ಟೈಲರಮ್ಮನ ಮಂಡಿ ಒಪ್ಪದು. ಫೋನಿನಲ್ಲಿ ಮುಖ ಕಾಣುತ್ತೆ, ಮೈ ವಾಸನೆ ಬರುತ್ತಾ?

ಅಷ್ಟರಲ್ಲಿ ಪುರಸಭೆಯ ಮೆಂಬರಮ್ಮ ಬಂದಳು. ಪಕ್ಕದ ಮನೆಯವಳೇ.

"ಅಕ್ಕಾ, ರಸ್ತೆ ಕೆಲಸ ಆ ಕಡೆಯಿಂದ ಮುಗಿಸಿಕೊಂಡು ಬರ್ತಿದ್ದಾರೆ. ನಮ್ಮ ಬೀದಿಯೊಂದೇ ಬಾಕಿ. ನಾಳೆ ನಿಮ್ಮ ಅಂಗಡಿ ಮುಂದೆ ಚರಂಡಿ ಮೇಲಿನ ಚಪ್ಪಡಿ ಎತ್ತಿಸಬೇಕು."

"ಚಪ್ಪಡಿ ಎತ್ತಿದ್ರೆ ಗಿರಾಕಿಗಳು ಹಾರಿಕೊಂಡು ಬರ್ಬೇಕಾ? ಹೋದ ವರ್ಷವೂ ಡಾಂಬರು ಸುರಿದ್ರಲ್ಲ, ಒಂದೇ ಮಳೆಗೆ ಎದ್ದುಹೋಯ್ತು. ಕೇಂದ್ರ ಸರ್ಕಾರದವರು ನಿಮ್ಮ ಪುರಸಭೆ ಕಡೆ ಬೆರಳು ತೋರಿಸ್ತಾರೆ, ನೀವು ಅವರ ಕಡೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು."

"ಈಗ ಇಬ್ಬರೂ ಒಟ್ಟಿಗೆ ಕೂತು ಮಾತಾಡಿದ್ದಾರಕ್ಕ. ಯಾವ ಊರಲ್ಲಿ ಯಾವ ರಿಪೇರಿ ಬಾಳಿಕೆ ಬಂತು ಅಂತ ಕೇಂದ್ರದವರು ನೋಡಿ, ಆ ಕ್ರಮ ನಮಗೂ ಕಲಿಸ್ತಾರೆ, ಖರ್ಚಲ್ಲೂ ಪಾಲು ಕೊಡ್ತಾರೆ. ಚರಂಡಿ ತೆರೆದಿಡೋದು, ಬಿರುಕು ಸಣ್ಣದಿದ್ದಾಗಲೇ ತಿಳಿಸೋದು ನಮ್ಮ ಪಾಲು. ಮಳೆಗೆ ಮುಂಚೆ ಇಬ್ಬರ ಇಂಜಿನಿಯರುಗಳೂ ಜೊತೆಗೇ ರಸ್ತೆ ನಡೆದು ನೋಡ್ತಾರೆ."

"ನೋಡಿದ್ರೆ ರಸ್ತೆ ನಿಲ್ಲುತ್ತಾ?"

"ನೀರು ಹೋಗೋಕೆ ದಾರಿ ಇದ್ರೆ ನಿಲ್ಲುತ್ತೆ. ನೀವೇ ಹೇಳಿ, ನೆಂದು ನೆಂದು ಲಡ್ಡಾದ ಬಟ್ಟೆಗೆ ತೇಪೆ ಹಾಕಿದ್ರೆ ಹೊಲಿಗೆ ಹಿಡಿಯುತ್ತಾ?"

ಟೈಲರಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆ ಎತ್ತಿದರು. ಆ ಮಾತು ನಾಟಿತು.

"ಮೊದಲು ಚರಂಡಿ, ಆಮೇಲೆ ಡಾಂಬರು, ಅದೇ ಕ್ರಮ. ಬಸ್ಸು ತಿರುಗೋದು ನಿಮ್ಮ ಅಂಗಡಿ ಮುಂದೇನೇ. ಚಪ್ಪಡಿ ಬದಲು ಎತ್ತಿಡೋ ಹಲಗೆ ಹಾಕ್ಕೊಳ್ಳಿ. ಸಿಮೆಂಟ್ ಹಾಕಿ ಕೂರಿಸಿಬಿಟ್ರೆ ಶುಚಿ ಮಾಡೋದು ಹೇಗೆ?"

ಮರುದಿನ ಮೆಂಬರಮ್ಮನ ಎದುರು ಟೈಲರಮ್ಮನ ಗಂಡನೇ ಹಾರೆ ಹಾಕಿ ಚಪ್ಪಡಿ ಮೀಟಿದರು. ಒಳಗೆ ಕಪ್ಪು ನೀರು, ನೀರಿಗೆ ಅಡ್ಡವಾಗಿ ಬಟ್ಟೆಯ ದೊಡ್ಡ ಉಂಡೆ. ದಿನಾ ಅಂಗಡಿ ಗುಡಿಸಿ ಟೈಲರಮ್ಮ ಚಪ್ಪಡಿಯ ಸಂದಿಗೆ ತಳ್ಳಿದ ಚೂರುಗಳೇ ಅವು. ಮೇಲ್ಗಡೆ ಹಳದಿಯದೂ ಒಂದಿತ್ತು.

ಟೈಲರಮ್ಮ ಬಗ್ಗಿ ಆ ಹಳದಿ ಚೂರನ್ನು ಎತ್ತಿಕೊಂಡರು. "ನೀರು ಕಟ್ಟಿ ರಸ್ತೆ ಕಿತ್ತದ್ದು ಇದಕ್ಕೇನಾ? ಮಗೂನ ನಾನೇ ದೂರ ಇಟ್ಕೊಂಡೆನಲ್ಲೇ."

"ನೀವೊಬ್ಬರೇ ಅಲ್ಲ ಅಕ್ಕ," ಅಂದಳು ಮೆಂಬರಮ್ಮ. "ಪುರಸಭೆಯವರು ನಾವೂ ಇಷ್ಟು ವರ್ಷ ಬಗ್ಗಿ ನೋಡಲಿಲ್ಲ."

ಚರಂಡಿ ಹರಿಯಿತು, ಡಾಂಬರು ಬಿತ್ತು. ಒಂದು ಮಳೆ ಬಂದು ಹೋಯಿತು, ರಸ್ತೆ ಅಲ್ಲಾಡಲಿಲ್ಲ. ಒಂದು ಬೆಳಿಗ್ಗೆ ಬಸ್ಸು ಅಂಗಡಿ ಮುಂದೆ ತಿರುಗಿ ನಿಂತಿತು. ಮಗಳು ಇಳಿದಳು, ಕಂಕುಳಲ್ಲಿ ಮಗು. ಟೈಲರಮ್ಮ ಎರಡೂ ಕೈ ಚಾಚಿದರು. ಮಗು ಅವರನ್ನು ಒಂದು ಗಳಿಗೆ ದಿಟ್ಟಿಸಿ, ತಾಯಿಯ ಕುತ್ತಿಗೆಗೆ ಮುಖ ಒತ್ತಿ ಅಳತೊಡಗಿತು.

"ಹೊಸ ಮುಖ ಅಲ್ವಾ ಅಮ್ಮ, ಸಂಜೆ ಹೊತ್ತಿಗೆ ಸರಿಹೋಗ್ತಾನೆ," ಅಂದಳು ಮಗಳು. ಸಂಜೆಗೆ ಸರಿಯೂ ಹೋದ, ಅಜ್ಜಿಯ ಅಳತೆ ಟೇಪು ಬಾಯಿಗೆ ಹಾಕಿಕೊಂಡು ಕೂತ. ದೊಡ್ಡದು ಮಾಡಿದ್ದ ಹಳದಿ ಅಂಗಿ ಮಾತ್ರ ಅವನ ತಲೆ ದಾಟದೆ ಸಿಕ್ಕಿಕೊಂಡಿತು. ಅವನು ಎದೆ ಮೇಲೆ ನಿದ್ದೆ ಹೋಗುವಷ್ಟು ಪುಟ್ಟವನಿದ್ದ ದಿನಗಳನ್ನು ಯಾವ ಬಸ್ಸೂ ತರಲಿಲ್ಲ.

ಅಕ್ಕ, ಅಣ್ಣ, ಓದಿ ಮಡಚಿಡುವ ಮುಂಚೆ ಎದ್ದು ನಿಮ್ಮ ಬಾಗಿಲ ಮುಂದಿನ ಚರಂಡಿ ನೋಡಿ. ಕಸ ತಳ್ಳಬೇಡಿ, ಮುಚ್ಚಿ ಕೂರಿಸಬೇಡಿ. ರಸ್ತೆಯ ಬಿರುಕು ಸಣ್ಣದಿದ್ದಾಗಲೇ ಪುರಸಭೆಗೆ ಹೇಳಿ. ಕೇಂದ್ರದವರೂ ಪುರಸಭೆಯವರೂ ರಸ್ತೆ ನೋಡಲು ಬಂದಾಗ ಜೊತೆಗೆ ನಡೆಯಿರಿ. ರಸ್ತೆಯನ್ನು ಮತ್ತೆ ಮಾಡಬಹುದು. ಆ ಕಡೆ ಇರುವ ಮಕ್ಕಳು ಅಲ್ಲಿವರೆಗೆ ಕಾಯುವುದಿಲ್ಲ, ಬೆಳೆದುಬಿಡುತ್ತಾರೆ.