ಅಪ್ಪ ನಿಂತದ್ದು ಎಷ್ಟು ಸಲ

ಲ್ಯಾಪ್‌ಟಾಪಿನ ಎಡಬಲಗಳನ್ನು ತಡವಿ ನೋಡಿ ಅಮ್ಮ ಡಿಸ್ಕನ್ನು ನನ್ನ ಕೈಗಿಟ್ಟಳು. "ಇದಕ್ಕೆ ಬಾಯೇ ಇಲ್ವಲ್ಲೇ!"

ಡಿಸ್ಕ್ ತೂರಿಸುವ ಜಾಗ ಇರಲಿಲ್ಲ. ಅಪ್ಪನ ಕೊನೆಯ ಕಾವ್ಯವಾಚನದ ವಿಡಿಯೋ ಇದ್ದದ್ದು ಆ ಡಿಸ್ಕಿನಲ್ಲಷ್ಟೇ. ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ದಿನವಿಡೀ ಹಾಸಿಗೆಬಟ್ಟೆ ಮಡಚುವವಳು ನಾನು. ಮರುದಿನ ಕೆಲಸದಿಂದ ಬರುತ್ತ, ಕಂಪ್ಯೂಟರ್ ರಿಪೇರಿಯವನ ಹತ್ತಿರ ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ.

ಅಪ್ಪ ಕಾಣಿಸಿಕೊಂಡರು. ಶಾಲಿನ ನೂಲು ಎಣಿಸಬಹುದಾದಷ್ಟು ಸ್ಪಷ್ಟ. ಧ್ವನಿ ಸಲೀಸಾಗಿ ಹರಿಯಿತು. ಚಿತ್ರ ಮಾತ್ರ ನಾಲ್ಕು ಸಾಲಿಗೊಮ್ಮೆ ನಿಂತು, ಆಮೇಲೆ ಎಗರಿ ಮುಂದೆ ಹೋಗುತ್ತಿತ್ತು. ನನಗೇನೂ ಕೊರತೆಯಾಗಲಿಲ್ಲ. ಆ ಧ್ವನಿಯನ್ನು ನಾನು ಕಣ್ಣು ಮುಚ್ಚಿಯೇ ಕೇಳಿ ಬೆಳೆದವಳು. ದೇವರ ಮುಂದೆ ಕೂತಾಗಲೂ ನಾಲಿಗೆಗೆ ಮೊದಲು ಬರುವುದು ಆ ಪದ್ಯಗಳೇ.

ಅಮ್ಮನಿಗೆ ಕಿವಿ ಪೂರ್ತಿ ಹೋಗಿದೆ. ಅವಳಿಗೆ ಉಳಿದದ್ದು ಚಿತ್ರವೊಂದೇ.

ಅಪ್ಪ ಪುಸ್ತಕ ಮುಟ್ಟದೆ ಓದುತ್ತಿದ್ದರು. ಪುಸ್ತಕ ಹಿಡಿದು ಅವರ ಬೆನ್ನ ಹಿಂದೆ ಕೂತು, ಅವರು ತಡವರಿಸಿದರೆ ಮುಂದಿನ ಸಾಲಿನ ಮೊದಲ ಪದವನ್ನು ಪಿಸುಗುಟ್ಟುವುದು ಅಮ್ಮನ ಕೆಲಸ. ಮೂವತ್ತು ವರ್ಷ ಅವಳು ಕಂಡದ್ದು ಬೆನ್ನನ್ನೇ. ಎರಡು ವರ್ಷದ ಹಿಂದಿನ ಆ ಕೊನೆಯ ದಿನ ಅವಳ ಕಿವಿ ಆಗಲೇ ಮಂದವಾಗಿತ್ತು, ಯಾರಿಗೂ ಹೇಳಿರಲಿಲ್ಲ. ಅಪ್ಪ ಓದುತ್ತ ನಡುವೆ ನಿಂತದ್ದು ಅವಳಿಗೆ ತಡವಾಗಿ ತಿಳಿಯಿತು, ಪದ ಪಿಸುಗುಟ್ಟುವ ಹೊತ್ತು ಮೀರಿತ್ತು. ಮನೆಗೆ ಬಂದ ಅಪ್ಪ ಮಾತಾಡದೆ ಮಲಗಿದರು, ಅದೇ ವಾರ ತೀರಿಕೊಂಡರು. ತುಂಬಿದ ಸಭೆಯಲ್ಲಿ ಗಂಡನ ಮರ್ಯಾದೆ ಕಳೆದೆನೆಂಬ ಕೊರಗು ಅಮ್ಮನನ್ನು ತಿನ್ನುತ್ತಿತ್ತು. ಆಗ ಅವರ ಮುಖ ಹೇಗಿತ್ತೆಂದು ಅವಳಿಗೆ ನೋಡಬೇಕಿತ್ತು.

ಚಿತ್ರ ನಿಂತಾಗಲೆಲ್ಲ ಅವಳು ಬೆರಳು ಮಡಚಿದಳು. ಆರು, ಏಳು. "ಇಷ್ಟು ಸಲ ಕೈ ಕೊಟ್ನಾ ನಾನು?"

"ನಿಲ್ತಿರೋದು ಅಪ್ಪ ಅಲ್ಲಮ್ಮಾ, ಲ್ಯಾಪ್‌ಟಾಪು," ತುಟಿ ಬಿಡಿಸಿ ಬಿಡಿಸಿ ಹೇಳಿದೆ.

"ಸುಮ್ನಿರೇ. ಸಮಾಧಾನ ಹೇಳೋದ್ರಲ್ಲಿ ನೀನು ಎತ್ತಿದ ಕೈ."

ಮಾರನೆಯ ಸಂಜೆ ಮತ್ತೆ ರಿಪೇರಿಯವನಲ್ಲಿಗೆ ಕಾಲೆಳೆದುಕೊಂಡು ಹೋದೆ.

"ಫೈಲು ಎಚ್‌ಡಿ ಅಕ್ಕಾ, ನಿಮ್ಮ ಲ್ಯಾಪ್‌ಟಾಪು ತಾತ. ಅಷ್ಟು ಭಾರ ಹೊರಿಸಿದ್ರೆ ಏದುಸಿರು ಬಿಡದೆ ಇನ್ನೇನು ಮಾಡುತ್ತೆ? ಚಿಕ್ಕದು ಮಾಡ್ಕೊಡ್ತೀನಿ. ಚಿತ್ರ ಒಂಚೂರು ಮಂಕಾಗುತ್ತೆ."

"ತುಟಿ ಕಾಣ್ಬೇಕಪ್ಪ."

"ಪದ್ಯ ಓದೋರ ತುಟಿ ಕಟ್ಕೊಂಡು ಏನಕ್ಕಾ? ಧ್ವನಿ ತಾನೇ ಮುಖ್ಯ?"

"ಧ್ವನಿ ಹೋದ್ರೂ ಹೋಗ್ಲಿ," ಎಂದೆ.

ಈ ಸಲ ಶಾಲಿನ ನೂಲು ಕಾಣಲಿಲ್ಲ; ತುಟಿಗಳು ಕಂಡವು, ಎಲ್ಲೂ ತಡೆಯದೆ ಆಡಿದವು. ಅಮ್ಮನ ಬೆರಳುಗಳು ಬಿಚ್ಚಿಕೊಂಡೇ ಇದ್ದವು. ಅರ್ಧ ಗಂಟೆಯ ಮೇಲೆ ಅಪ್ಪ ನಿಜವಾಗಿಯೂ ನಿಂತರು. ಒಂದೇ ಸಲ.

"ಇದೇ. ಹಿಂದಕ್ಕೆ ತಗೋ."

ಹಿಂದಕ್ಕೆ ಒಯ್ದೆ. ಅಪ್ಪನ ಬಾಯಿ ಮುಚ್ಚಿತು. ಮೂಗಿನ ಹೊಳ್ಳೆ ಅರಳಿತು, ಗದ್ದ ಕೆಳಗಿಳಿಯಿತು, ಶಾಲಿನ ತುದಿ ಬಾಯಿಗೆ ಅಡ್ಡ ಬಂತು. ಅಮ್ಮ ಮೂರು ಸಲ ಹಾಕಿಸಿದಳು.

"ಆಕಳಿಸ್ತಿದ್ದಾರಲ್ಲೇ ಇವರು!"

ನಾನು ಹೌದೆಂದು ತಲೆಯಾಡಿಸಿದೆ.

"ಹಿಂದಿನ ರಾತ್ರಿಯೆಲ್ಲಾ ಕೆಮ್ಮು. ಹೋಗ್ಬೇಡಿ ಅಂದಿದ್ದೆ. ಕೇಳೋ ಜಾತಿಯಾ?" ಅವಳು ಗೋಡೆಗೆ ಒರಗಿ ಕಾಲು ಚಾಚಿದಳು. ಎರಡು ವರ್ಷದಿಂದ ಹಿಡಿದಿಟ್ಟಿದ್ದ ಉಸಿರು ನಿಧಾನವಾಗಿ ಹೊರಬಂತು.

"ಮಿಕ್ಕಿದ್ದು ನೋಡಲ್ವಾ?"

"ಬೇಡ, ನಿಲ್ಸು. ದಣಿದಿರೋರ ಕೈಲಿ ಎಷ್ಟು ಅಂತ ಓದಿಸ್ತೀಯ?"